ಗಿರಿಜವ್ವನ ಮಾತು ಕೇಳಿದ ಬೆಕ್ಕು

ಸತ್ತಿ ಊರಾಗ ಈಗೂ ಯಾರಾದ್ರೂ ಹಟ ಹಿಡದು ಏನಾದ್ರೂ ಬಿಟ್ರ, ತಂಬಾಕ ಬಿಡಲಿ, ಚಾ ಬಿಡಲಿ, "ಏನಪಾ, ಗಿರಿಜವ್ವನ ಬೆಕ್ಕ ಆದೇನ?" ಅಂತ ಕೇಳ್ತಾರ. ಕೇಳಿ ನಗ್ತಾರ. ನಗೋ ಮಂದಿ ಬಾಯಿಗೆ ಯಾರು ಕೈ ಹಿಡೀಬೇಕು, ನಗಲಿ. ಆದ್ರ ಅದರ ಪೈಕಿ ಅರ್ಧಾ ಮಂದಿಗೆ ಆ ಬೆಕ್ಕಿಗೆ ಮುಂದ ಏನಾತು ಅನ್ನೂದು ಗೊತ್ತಿಲ್ಲ. ಗೊತ್ತಿದ್ದವರು ನಗೂದಿಲ್ಲ, ಎದ್ದು ಹೋಗಿಬಿಡ್ತಾರ.

ಗಿರಿಜವ್ವ ಚಿಂಚಲಿಯಾಕಿ. ತವರಮನ್ಯಾಗ ಆಕಿಗೆ ಮಾತಿನ ಮಲ್ಲಿ ಅಂತ ಹೆಸರು. ಬಾಂವಿಗೆ ನೀರಿಗೆ ಹೋದ್ರ ಕೊಡ ತುಂಬಿದ್ರೂ ಮಾತು ತುಂಬತಿರಲಿಲ್ಲ. ಹಂತಾಕಿನ್ನ ಕೃಷ್ಣಾ ಹೊಳಿ ದಂಡಿ ಸತ್ತಿಗೆ, ಕೆಂಚವ್ವನ ಹಿರೇ ಮಗ ಧರೆಪ್ಪಗ ಕೊಟ್ರು. ಕಬ್ಬು, ಜೋಳ, ನಾಕು ಎಮ್ಮಿ, ದೊಡ್ಡ ಪಡಸಾಲಿ ಇದ್ದ ಮನಿ. ಉಣ್ಣಾಕ ಉಡಾಕ ಕಡಿಮಿ ಇರಲಿಲ್ಲ. ಆದ್ರ ಆ ಮನ್ಯಾಗ ಒಲಿ ಮ್ಯಾಲಿನ ಹಾಲು ಉಕ್ಕಬೇಕಂದ್ರೂ ಕೆಂಚವ್ವನ ಪರವಾನಿಗಿ ಬೇಕಾಗಿತ್ತು. ಆಕಿ ಕೆಟ್ಟಾಕಿ ಅಂತ ನಾ ಹೇಳೂದಿಲ್ಲ. ಗಂಡ ಸತ್ತಮ್ಯಾಲ ಸಣ್ಣ ಸಣ್ಣ ಗಂಡುಮಕ್ಕಳನ್ನ ಕಟಗೊಂಡು ಹೊಲಾ ಮನಿ ಉಳಿಸಿದಾಕಿ, ತನ್ನ ಮಾತು ಬಿಟ್ರ ಬ್ಯಾರೆ ಮಾತು ಕೇಳೂದು ಆಕಿಗೆ ರೂಢಿ ತಪ್ಪಿ ಹೋಗಿತ್ತು.

ಸೊಸಿ ಏನರೆ ಅಂದ್ರ ಅದು ಗೋಡಿಗೆ ಅಂದಂಗ. "ಇವತ್ತ ಬದನಿಕಾಯಿ ಮಾಡಲೇನ್ರಿ?" ಅಂದ್ರ ಅತ್ತಿ ಹೀರಿಕಾಯಿ ಹೆಚ್ಚಾಕ ಕುಂತಿರ್ತಿದ್ಲು. ಧರೆಪ್ಪಗ ಹೇಳಿದ್ರ ಅವಂದು ಒಂದ ಉತ್ತರ, "ಅವ್ವಗ ಕೇಳು." ಇಬ್ಬರು ಗಂಡುಮಕ್ಕಳು ಹುಟ್ಟಿದ್ರು. ಹೆತ್ತಾಕಿ ಗಿರಿಜವ್ವ, ಎದಿಹಾಲು ಕೊಟ್ಟಾಕಿ ಗಿರಿಜವ್ವ. ಆದ್ರ ಅವು ಮಲಗೂದು ಆಯಿ ಕೆಂಚವ್ವನ ಮಗ್ಗಲಕ್ಕ, ಉಣ್ಣೂದು ಆಯಿ ತಾಟಿನಾಗ. ಅಂಗಿ ಹಾಕ್ಕೋರೋ ಅಂತ ಇಕಿ ಅಂದ್ರ "ಆಯಿ ಹೇಳಲಿ" ಅಂತ ಓಡಿ ಹೋಗ್ತಿದ್ವು. ಬರಬರತಾ ಗಿರಿಜವ್ವ ಮಾತಾಡೂದ ಬಿಟ್ಲು. ಚಿಂಚಲಿ ಮಂದಿ ಬಂದು ನೋಡಿ, ನಮ್ಮ ಗಿರಿಜಾಗ ಏನಾತು, ಬಾಯಿ ಬಿದ್ದು ಹೋತೇನು ಅಂತ ಕೇಳಿದ್ರು. ಏನೂ ಆಗಿರಲಿಲ್ಲ. ಕೇಳವರು ಇಲ್ಲದ ಕಡೆ ಯಾರರೆ ಎಷ್ಟಂತ ಮಾತಾಡ್ತಾರ.

ಬೆಕ್ಕು ಬಂದದ್ದು ತೊಂಬತ್ತರ ಸುಮಾರಿಗೆ. ನಮ್ಮ ಕಡೆ ಸುಗ್ಗಿ ಆದಮ್ಯಾಲ ಖಾಲಿ ಹೊಲದಾಗ ಕುರಿಹಿಂಡು ತರುಬೂದು ರೂಢಿ. ಕುರಿ ಹಿಕ್ಕಿ ಹೊಲಕ್ಕ ಗೊಬ್ಬರ ಆಗತೈತಿ. ಧರೆಪ್ಪನ ಹೊಲಕ್ಕ ಖಾಯಂ ಹಿಂಡು ತರಾವ ಕುರುಬರ ಭರಮು. ಅವನ ಹೆಂಡ್ತಿ ತಾರವ್ವ. ಹೊಳಿ ದಂಡಿಗೆ ಅವರದೊಂದು ಗುಡಸಲ ಇತ್ತು. ಒಂದಿನ ತಾರವ್ವ ಬುಟ್ಟ್ಯಾಗ ಒಂದು ಬೂದಿ ಬಣ್ಣದ ಮರಿ ತಂದು ಗಿರಿಜವ್ವನ ಉಡ್ಯಾಗ ಹಾಕಿ, "ಜೋಳದ ಕೋಣ್ಯಾಗ ಇಲಿ ಭಾಳ ಅಂತಿದ್ದಿರಲ್ಲರಿ ಅಕ್ಕಾರ, ಇಟ್ಕೋರಿ" ಅಂದ್ಲು. ಇಲಿ ಅಂದದ್ದಕ್ಕ ಕೆಂಚವ್ವನೂ ಸುಮ್ಮನಾದ್ಲು.

ಮರಿ ಬೆಳೀತು. ಕೋಣ್ಯಾಗಿನ ಇಲಿ ಖಾಲಿ ಮಾಡ್ತು. ಕತ್ತಲಾಗ ತಿಂದದ್ದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಅದಕ್ಕ ಇನ್ನೊಂದು ಗುಣ ಇತ್ತು. ಗಿರಿಜವ್ವ ಎಲ್ಲಿ ಹೋದ್ರ ಅಲ್ಲಿ ಹಿಂದ. ಆಕಿ ಕರದ್ರ ಬರೂದು, ಕುಂದ್ರು ಅಂದ್ರ ಕುಂದ್ರೂದು. ರೊಟ್ಟಿ ಬಡಿಯೋವಾಗ ಬಾಜೂಕ ಕುಂತು ಮಾರಿ ನೋಡಕೋತ ಕೇಳೂದು. ಎಷ್ಟೋ ವರ್ಷದ ಮ್ಯಾಲ ಗಿರಿಜವ್ವ ಮತ್ತ ಮಾತಾಡಾಕ ಹತ್ತಿದ್ಲು. ಚಿಂಚಲಿ ಬಾಂವಿ ಸುದ್ದಿ, ಸತ್ತ ತಂಗಿ ಸುದ್ದಿ, ಎಲ್ಲಾ ಬೆಕ್ಕಿನ ಮುಂದ.

ಆ ಶ್ರಾವಣ ಸೋಮವಾರ ಮನ್ಯಾಗ ಅಯ್ಯನವರ ಪಾದಪೂಜಿ. ಮಾಂಸ ಮುಟ್ಟದ ಲಿಂಗವಂತರ ಮನಿ ಅದು. ಅಯ್ಯನವರು ಮಣಿ ಮ್ಯಾಲ ಕುಂತಾರ, ಕೆಂಚವ್ವ ಮಡೀಲೆ ನೀರು ಹಿಡದು ನಿಂತಾಳ, ಓಣಿ ಮಂದಿ ಪಡಸಾಲಿ ತುಂಬ. ಬೆಕ್ಕು ಒಳಗಿಂದ ಬಂತು. ಬಾಯಾಗ ಇಲಿ. ಅದೂ ಪೂರಾ ಸತ್ತಿರಲಿಲ್ಲ. ಎಲ್ಲಾರ ನಡುವ ಹಾದು ಬಂದು ಗಿರಿಜವ್ವನ ಪಾದದ ಮುಂದ ಇಟ್ಟು, ಮಾರಿ ನೋಡ್ತು. ತನ್ನಾಕಿಗೆ ಅಂತ ತಂದಿತ್ತು ಪಾಪ.

ಪಡಸಾಲ್ಯಾಗ ಗದ್ದಲಾತು. ಕೆಂಚವ್ವ ನೀರಿನ ತಂಬಗಿ ಕೆಳಗಿಟ್ಟು ಆಳಮನಶ್ಯಾ ಮಾಯಪ್ಪನ್ನ ಕರದ್ಲು. "ಚೀಲದಾಗ ತುಂಬು. ಹೊಳಿ ದಾಟಿಸಿ ಕುಡಚಿ ಟೇಶನದಾಗ ಬಿಟ್ಟು ಬಾ." ಕಳ್ಳ ಬೆಕ್ಕಿಗೆ ನಮ್ಮ ಊರಾಗ ಅದ ಶಿಕ್ಷಾ. ಹೊಳಿ ದಾಟಿದ ಬೆಕ್ಕು ತಿರಗಿ ಬರೂದಿಲ್ಲ ಅಂತಾರ.

ಮಾಯಪ್ಪ ಚೀಲ ತಂದ. ಆವಾಗ ಗಿರಿಜವ್ವ ಬಾಯಿ ಬಿಟ್ಲು. ಅಷ್ಟು ಮಂದಿ ಮುಂದ, ಅಯ್ಯನವರ ಮುಂದ, ಸೆರಗು ತಲಿಮ್ಯಾಲ ಸರಿ ಮಾಡ್ಕೊಂಡು ಅಂದ್ಲು, "ಬ್ಯಾಡ್ರಿ ಅತ್ಯಾ. ನಾ ಇದನ್ನ ನಮ್ಮಂಗ ಮಾಡ್ತೀನಿ. ಇನ್ನ ಇದರ ಬಾಯಾಗ ಮಾಂಸ ಕಂಡ್ರ, ಇದರ ಕೂಡ ನನ್ನೂ ಹೊಳಿ ದಾಟಸ್ರಿ."

ಕೆಂಚವ್ವ ಅಯ್ಯನವರ ಮಾರಿ ನೋಡಿದ್ಲು. ಅಯ್ಯನವರು ಮೆತ್ತಗ ನಕ್ಕು, "ಇರಲಿ ಬಿಡವ್ವಾ, ಮಾಡಿ ನೋಡಲಿ" ಅಂದು ಬೆಕ್ಕಿನ ಹಣಿಗೆ ಚೂರು ವಿಭೂತಿ ಹಚ್ಚಿದ್ರು. ಧರೆಪ್ಪನ ತಮ್ಮ ರಾವಸಾಹೇಬ ಮೊದಲ ಚ್ಯಾಷ್ಟಿ ಮನಶ್ಯಾ. "ನೂರು ಇಲಿ ತಿಂದ ಬೆಕ್ಕು ಕಾಶಿಗೆ ಹೋತಂತ. ವೈನಿ, ಇದರ ಹೆಸರು ಕಾಶಿ ಅಂತ ಇಟ್ಟಬಿಡ್ರಿ" ಅಂದ. ಅದ ಹೆಸರು ನಿಂತು ಹೋತು. ಹುಟ್ಟುಗುಣ ಸುಟ್ರೂ ಹೋಗೂದಿಲ್ಲ ಅಂತ ಗಾದಿ ಐತಿ ನೋಡ್ರಿ, ಅಲ್ಲಿ ಕುಂತ ಎಲ್ಲಾರಿಗೂ ಆ ಗಾದಿ ಬಾಯಿಪಾಠ. ಮಾತು ಮಾತಿಗೆ ಗಾದಿ ಹಚ್ಚೋ ಮಂದಿ ಆವತ್ತ ಒಬ್ಬರರೆ ಬಾಯಿ ಬಿಡಬಾರದಾಗಿತ್ತೇನು.

ಗಿರಿಜವ್ವ ಕಾಶಿನ್ನ ಪಡಸಾಲಿ ಕಂಬಕ್ಕ ಕಟ್ಟಿದ್ಲು. ನೋವು ಆಗಬಾರದಂತ ಕೊರಳಿಗೆ ಹೊಸಾ ಮೆತ್ತನ್ನ ಅರಬಿ ಸುತ್ತಿದ್ಲು. ಮುಂಜಾನೆ ಹಾಲಾಗ ರೊಟ್ಟಿ ಕಿವಚಿ ಹಾಕೂದು, ಮಧ್ಯಾಹ್ನ ಮೊಸರನ್ನ, ಸಂಜಿಗೆ ತುಪ್ಪದ ರೊಟ್ಟಿ. ಹಬ್ಬಕ್ಕ ಸಜ್ಜಕ. ಮೊದಲ ನಾಕು ದಿನ ಅದು ಮೂಸಿ ಮೂಸಿ ಮಾರಿ ತಿರುವ್ತು. ಹೊಟ್ಟಿ ಹಸಿದಮ್ಯಾಲ ತಿಂತು. ಹಗ್ಗ ಬಿಚ್ಚಿದಾಗ ಹಲ್ಲಿ ಕಂಡ್ರ ಹಾರೂದು, ಗುಬ್ಬಿ ಕಂಡ್ರ ಮೈ ಸಣ್ಣ ಮಾಡಿ ಕುಂದ್ರೂದು. ಗಿರಿಜವ್ವನ ಕೈಯಾಗ ಹುಣಸಿ ಬರಲು, ಸಣ್ಣ ಹಸೀ ಕಡ್ಡಿ, ಇರ್ತಿತ್ತು. ಮೂಗಿನ ಮ್ಯಾಲ ಚಟ್ ಅಂತ ಒಂದು ಏಟು. "ಛೀ, ಹೊಲಸು ಅದು." ಹೊಡದಾಕಿ ತಾನ ಎತ್ತಿಕೊಂಡು ಮೂಗು ಊದ್ತಿದ್ಲು, ಅಳ್ತಿದ್ಲು. "ನಿನ್ನ ಉಳಸಾಕ ಮಾಡಾಕತ್ತೀನೇ ನನ್ನವ್ವಾ" ಅಂತಿದ್ಲು. ಮುಂದ ಹೊಡ್ಯೂ ಗರಜ ಬೀಳಲಿಲ್ಲ, ಬರಲು ತೋರಿಸಿದ್ರ ಸಾಕಾತು. ಆಮ್ಯಾಲ ಬರಲೂ ಬೇಕಾಗಲಿಲ್ಲ. "ಕಾಶೀ" ಅಂತ ಮೆತ್ತಗ ಅಂದ್ರ ಸಾಕು, ಗುಬ್ಬಿ ಬಿಟ್ಟು ಬಂದು ಕಾಲಾಗ ಕುಂದ್ರತಿತ್ತು. ವರ್ಷ ತುಂಬೂದ್ರೊಳಗ ಇಲಿಗೋಳು ಅದರ ಬಾಲದ ಮಗ್ಗಲಕ್ಕ ಹಾದು ಜೋಳದ ಕೋಣಿಗೆ ಹೋಗೂವಂಗ ಆತು. ಧರೆಪ್ಪ ಪ್ಯಾಟಿಗೆ ಹೋಗಿ ಇಲಿಬೋನು ತಂದ.

ಸುದ್ದಿ ಹಬ್ಬಿತು. ಹಳ್ಳ್ಯಾಗ ಇಂಥಾ ಸುದ್ದಿಗೆ ಕಾಲಲ್ಲ, ರೆಕ್ಕಿ ಇರತಾವು. ರಾವಸಾಹೇಬ ಕಾಗವಾಡ ಕಡೆ ಗೆಳ್ಯಾರನ್ನ ಕರಕೊಂಡು ಬಂದು ತೋರಸಾಂವ. ಅಂವಗ ಅಲ್ಲಿ ಖಾನಾವಳ್ಯಾಗ ಕದ್ದು ಮುಚ್ಚಿ ಮಾಂಸ ತಿನ್ನೂ ಚಟ ಇತ್ತು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದ್ರ ಊರಿಗೆ ಗೊತ್ತಾಗೂದಿಲ್ಲೇನು. ಒಂದ್ಸಲ ಬೇಯಿಸಿದ ಮಟನ್ ತುಣುಕು ಎಲ್ಯಾಗ ಸುತಗೊಂಡು ಬಂದು ಅಂಗಳದ ಆಚೆ ಗಟಾರದ ಮಗ್ಗಲಕ್ಕ ಇಟ್ಟ. ಮಂದಿ ಸುತ್ತ ನಿಂತಿತ್ತು. ಕಾಶಿ ಹೋತು, ಮೂಸ್ತು. ಮೂಗು ನಡುಗತಿತ್ತು. ಕಟ್ಟಿ ಮ್ಯಾಲ ಕುಂತಿದ್ದ ಗಿರಿಜವ್ವ ಹೆಸರು ಹಿಡದು ಕರದ್ಲು. ತಿರಗಿ ಬಂದು ತೊಡಿ ಮ್ಯಾಲ ಕುಂತುಬಿಡ್ತು. ಮಂದಿ ಚಪ್ಪಾಳಿ ತಟ್ಟಿದ್ರು. ಕೆಂಚವ್ವ ಎಲ್ಲಾರೂ ಕೇಳೂವಂಗ, "ನಮ್ಮ ಗಿರಿಜಾನ ಕೈಗುಣ ಭಾಳ ಚಲೋ" ಅಂದ್ಲು. ಮದುವಿ ಆಗಿ ಬಂದಮ್ಯಾಲ ಅತ್ತಿ ಬಾಯಿಂದ ಬಂದ ಮೊದಲ ಹೊಗಳಿಕಿ ಅದು. ಗಿರಿಜವ್ವ ಅಡಗಿಮನಿಗೆ ಹೋಗಿ ಸೆರಗು ಬಾಯಿಗೆ ಒತಗೊಂಡು ಅತ್ಲು. ಸಂತೋಷಕ್ಕ.

ಅಥಣಿ ಕಡೆ ದ್ರಾಕ್ಷಿ ತ್ವಾಟದ ಬೀಗರು ಬಂದಾಗಂತೂ ಕಾಶಿಗೆ ಪಾಯಾ ಮುಟ್ಟಿ ನಮಸ್ಕಾರ ಮಾಡಿದ್ರು. ತಮ್ಮ ತ್ವಾಟದ ಒಣದ್ರಾಕ್ಷಿ ಅರದು ಹಾಲಾಗ ಕಲಿಸಿ, ಶರಣಿಗೆ ಪ್ರಸಾದ ಅಂತ ಕುಡಿಸಿದ್ರು. ಆ ದಿನಾ ಪೂರಾ ಬೆಕ್ಕು ವಾಂತಿ ಮಾಡ್ತು. ಗಿರಿಜವ್ವ, ಮಂದಿ ದೃಷ್ಟಿ ಆಗೇತಿ ಅಂತ ಉಪ್ಪು ಮೆಣಸಿನಕಾಯಿ ಇಳಿ ತಗದು ಒಲಿಗೆ ಹಾಕಿದ್ಲು.

ಅದು ಆಗಿ ಒಂದು ಮಳಿಗಾಲ ಹೋದಮ್ಯಾಲ ಕಾಶಿ ಗೋಡ್ಯಾಗಿನ ಮಾಡಕ್ಕ ಹಾರಾಕ ಹೋಗಿ ಕೆಳಗ ಬಿತ್ತು. ಬೆಕ್ಕು ಬೀಳೂದು ಯಾರು ನೋಡ್ಯಾರ? ಮಕ್ಕಳು ನಕ್ಕರು. ಮುಂದ ಹೊಸ್ತಲಕ್ಕ ಹಣಿ ಬಡಕೊಳ್ಳಾಕ ಹತ್ತಿತು. ಹಾಲಿನ ತಾಟು ಎದುರಿಗೆ ಇದ್ರೂ ಮೂಸಕೋತ ಹುಡುಕೂದು. ನಡು ಮಧ್ಯಾಹ್ನ ಬಿಸಲಾಗ ನಿಂತ್ರೂ ಕಣ್ಣಾಗಿನ ಕರಿ ಗುಂಡಿ ದೊಡ್ಡದಾಗೇ ಇರ್ತಿತ್ತು. ಗಿರಿಜವ್ವ ಕಣ್ಣಿನ ಮುಂದ ಬೆರಳು ಆಡಿಸಿದ್ಲು. ರೆಪ್ಪಿ ಬಡೀಲಿಲ್ಲ.

ಮಗ್ಗಲ ಮನಿ ಗಂಗೂಬಾಯಿ ಓಣಿ ಕೂಸುಗಳಿಗೆಲ್ಲಾ ಮದ್ದು ಕೊಡಾಕಿ. ಬಂದು ನೋಡಿ, "ಶಕ್ತಿ ಕಮ್ಮಿ ಆಗೇತಿ, ರಕ್ತ ಇಲ್ಲ" ಅಂದ್ಲು. ಉಳ್ಳಾಗಡ್ಡಿ ಹೆಚ್ಚಿ ತುಪ್ಪದಾಗ ಹುರದು ರೊಟ್ಟಿ ಕೂಡ ಕೊಡು, ಬಳ್ಳೊಳ್ಳಿ ಸುಟ್ಟು ಜೇನತುಪ್ಪದಾಗ ನೆಕ್ಕಸು ಅಂತ ಹೇಳಿದ್ಲು. "ಕೂಸಿಗೆ ಆಗೂದು ಬೆಕ್ಕಿಗೆ ಯಾಕ ಆಗೂದಿಲ್ಲ?" ಅಂದ್ಲು. ಗಿರಿಜವ್ವಗೂ ಹೌದನಸ್ತು. ಆಕಿಗೆ ಕಾಶಿ ಕೂಸ ಆಗಿತ್ತು, ಬೆಕ್ಕು ಅನ್ನೂದು ಮರತು ಹೋಗಿತ್ತು. ತಪ್ಪು ಆದದ್ದ ಅಲ್ಲಿ.

ಕಾಶಿಗೆ ಉಳ್ಳಾಗಡ್ಡಿ ವಾಸನಿ ಸೇರ್ತಿರಲಿಲ್ಲ. ಆದ್ರೂ ಗಿರಿಜವ್ವ "ತಿನ್ನು" ಅಂದ್ಲು, ತಿಂತು. ಬಳ್ಳೊಳ್ಳಿ "ನೆಕ್ಕು" ಅಂದ್ಲು, ನೆಕ್ತು. ಮಾತು ಕೇಳೂ ಬೆಕ್ಕು. ಎಂಟತ್ತು ದಿನದಾಗ ಅದರ ಹಲ್ಲಿನ ಒಸಡು ಸುಣ್ಣ ಬಳದಂಗ ಬೆಳ್ಳಗಾತು. ಉಚ್ಚಿ ಹಾಲು ಹಾಕದ ಚಾದಂಗ ಕೆಂಪಾತು. ನಾಕು ಹೆಜ್ಜಿ ಇಟ್ರ ಬಾಯಿ ತಗದು ತೇಕತಿತ್ತು. ಗಂಗೂಬಾಯಿ ಬಂದು, ಇನ್ನಷ್ಟು ಉಳ್ಳಾಗಡ್ಡಿ ಕೊಡು ಅಂದು ಹೋದ್ಲು.

ಆ ಹೊತ್ತಿಗೆ ಎಮ್ಮಿ ಈಯಾಕ ತ್ರಾಸ ಆಗಿ ಅಥಣಿಯಿಂದ ದನದ ಡಾಕ್ಟರನ್ನ ಕರಿಸಿದ್ರು. ಫಟಫಟಿ ಮ್ಯಾಲ ಬಂದ, ವಯಸ್ಸು ಇನ್ನೂ ಸಣ್ಣದು. ಕರ ಹೊರಗ ತಗದು, ಕೈ ತೊಳಕೊಂಡು, ಚಾ ಕುಡಿಯಾಕ ಕುಂತಿದ್ದ. ಗಿರಿಜವ್ವ ಕಾಶಿನ್ನ ಎತಗೊಂಡು ಹೋಗಿ ಮುಂದ ನಿಂತ್ಲು. ಡಾಕ್ಟರ ಬ್ಯಾಟರಿ ಹಚ್ಚಿ ಕಣ್ಣು ನೋಡಿದ, ಒಸಡು ನೋಡಿದ, ಎದಿಗೆ ನಳಿಗಿ ಇಟ್ಟು ಭಾಳ ಹೊತ್ತು ಕೇಳಿದ.

"ಏನ್ ಹಾಕ್ತೀರಿ ಇದಕ್ಕ?"

"ಹಾಲು, ತುಪ್ಪ, ರೊಟ್ಟಿ, ಮೊಸರನ್ನರಿ. ಮನಿ ಮಂದಿಗಿಂತ ಚಲೋ ನೋಡ್ಕೊಂಡೀನ್ರಿ" ಅಂದ್ಲು ಗಿರಿಜವ್ವ.

"ಇಲಿ ಹಿಡೀತೈತಿ?"

"ಮುಟ್ಟೂದಿಲ್ಲರಿ. ಎರಡು ವರ್ಷದ ಮ್ಯಾಲ ಆತು. ತತ್ತಿನೂ ಇಲ್ಲ. ನಮ್ಮ ಕಾಶಿ ಶುದ್ಧ ಐತ್ರಿ."

ಡಾಕ್ಟರ ಚಾದ ಬಸಿ ಕೆಳಗಿಟ್ಟ. ಬೈಯಲಿಲ್ಲ. ಬೈದಿದ್ರ ಆಕಿಗೆ ಸಮಾಧಾನ ಆಗತಿತ್ತೋ ಏನೋ. "ಅವ್ವಾರ, ಎಮ್ಮಿಗೆ ಮಾಂಸ ತಿನಸಾಕ ಆಗತೈತೇನ್ರಿ? ಬೆಕ್ಕಿಗೆ ಬರೇ ರೊಟ್ಟಿ ಹಾಕೂದೂ ಹಂಗ. ಅದರ ಕಣ್ಣಿಗೆ, ಎದಿಗೆ ಬೇಕಾದ ಒಂದು ಸತ್ವ ಮಾಂಸದಾಗ, ಮೀನದಾಗ ಇರತೈತಿ. ನಮ್ಮ ಮೈ ಅದನ್ನ ತಾನ ಮಾಡ್ಕೊಂತೈತಿ, ಬೆಕ್ಕಿನ ಮೈಗೆ ಬರೂದಿಲ್ಲ. ಅದು ಸಿಗಲಿಲ್ಲ ಅಂದ್ರ ಮೊದಲ ಕಣ್ಣು ಹೋಗತಾವು, ಆಮ್ಯಾಲ ಎದಿ ಸೋಲತೈತಿ." ಉಳ್ಳಾಗಡ್ಡಿ ಸುದ್ದಿ ಕೇಳಿ ಅಂವ ಹಣಿ ಚಚ್ಚಿಕೊಂಡ. "ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿಗೆ ವಿಷರಿ. ರಕ್ತ ಒಡದು ನೀರಾಗತೈತಿ. ಇನ್ನ ಮ್ಯಾಲ ಮುಟ್ಟಸಬ್ಯಾಡ್ರಿ. ಒಣದ್ರಾಕ್ಷಿನೂ ಬ್ಯಾಡ."

"ಕಣ್ಣು ಬರತಾವೇನ್ರಿ?"

"ಇಲ್ಲರಿ. ಹೋದ ಕಣ್ಣು ಬರೂದಿಲ್ಲ. ಆದ್ರ ಜೀವ ಉಳದೀತು. ಇವತ್ತಿನಿಂದ ಮೀನೋ ಕೋಳಿನೋ ಬೇಯಿಸಿ, ಉಪ್ಪು ಖಾರ ಹಾಕದ, ಮುಳ್ಳು ಎಲುಬು ತಗದು ಹಾಕ್ರಿ. ತಡಾ ಮಾಡಿದ್ರ ಕೈ ಮೀರತೈತಿ."

ಗಿರಿಜವ್ವ ಕಾಶಿನ್ನ ಎದಿಗೆ ಹಚ್ಚಿಕೊಂಡು ಅಲ್ಲೇ ಕುಂತುಬಿಟ್ಲು. ಕಣ್ಣು ಕಿತ್ತಾಕಿ ತಾನ. ಹೊಳಿ ದಾಟಿಸಿದ್ರ ಕುಡಚಿ ಟೇಶನದಾಗ ಮೀನಿನ ಬುಟ್ಟಿ ಹಿಂದ ತಿರಗ್ಯಾಡಕೋತ ಬದುಕತಿತ್ತು. ಉಳಸ್ತೀನಿ ಅಂತ ಹಿಡಕೊಂಡು ದಿನಾ ಒಂದು ತುತ್ತು ಒಂದು ತುತ್ತು ಕೊಂದಾಕಿ ತಾನ. ಆಕಿ ಬಾಯಿಂದ ಇಷ್ಟೆಲ್ಲಾ ಮಾತು ಜೋರಾಗೇ ಬಂದ್ವು. ಡಾಕ್ಟರ ತಲಿ ಕೆಳಗ ಹಾಕ್ಕೊಂಡು ಫಟಫಟಿ ಹತ್ತಿದ.

ಕೆಂಚವ್ವ ಬಾಗಲದಾಗ ನಿಂತು ಎಲ್ಲಾ ಕೇಳಿದ್ಲು. ಆಕಿ ಕಣ್ಣಾಗೂ ನೀರಿತ್ತು, ಸುಳ್ಳು ಹೇಳಬಾರದು. "ಗಿರಿಜಾ, ಒಂದು ಜೀವ ಉಳಸಾಕ ಇನ್ನೊಂದು ಜೀವ ತಗೀಬೇಕೇನ? ಕೊರಳಾಗ ಲಿಂಗ ಕಟಗೊಂಡ ಮನಿ ಇದು. ಅದರ ಆಯುಷ್ಯ ಎಷ್ಟೈತೋ ಅಷ್ಟು. ಇಲ್ಲಿ ಮೀನು ಬೇಯೂದಿಲ್ಲ" ಅಂದ್ಲು.

ಗಿರಿಜವ್ವ ಗಂಡನ ಮಾರಿ ನೋಡಿದ್ಲು. ಧರೆಪ್ಪ ಎಮ್ಮಿ ಕರದ ಮೈ ಒರಸಕೋತ, "ಅವ್ವಗ ಕೇಳು" ಅಂದ.

"ಕೇಳೂದು ಮುಗೀತು" ಅಂದ್ಲು ಗಿರಿಜವ್ವ. ಕಾಶಿನ್ನ ಸೆರಗಿನಾಗ ಸುತಗೊಂಡು, ಚಪ್ಪಲಿನೂ ಹಾಕ್ಕೊಳ್ಳದ ಅಂಗಳ ಇಳದು ನಡದ್ಲು. ಹಾಡಹಗಲ, ಓಣಿ ಮಂದಿ ನೋಡಾಕತ್ತಿತ್ತು. ಯಾರ ಮಾರಿನೂ ನೋಡಲಿಲ್ಲ. ಹೊಳಿ ದಾರಿ ಹಿಡದು ಸೀದಾ ತಾರವ್ವನ ಗುಡಸಲಕ್ಕ ಬಂದ್ಲು.

ಭರಮು ಕುರಿ ಹೊಡಕೊಂಡು ಹೋಗಿದ್ದ. ತಾರವ್ವ ಕಂಬಳಿ ಜಾಡಸಾಕತ್ತಿದ್ಲು. ಸುದ್ದಿ ಎಲ್ಲಾ ಕೇಳಿದ್ಲು. "ನಾನೂ ಅಂದ್ಕೊಂಡಿದ್ದೆರಿ ಅಕ್ಕಾರ, ಬೆಕ್ಕು ರೊಟ್ಟಿ ತಿಂದು ಎಷ್ಟು ದಿನ ಇದ್ದೀತಂತ. ದೊಡ್ಡ ಮನಿ ಮಾತು, ನನಗ್ಯಾಕ ಬೇಕಂತ ಸುಮ್ಮನಿದ್ದೆ" ಅಂದ್ಲು. ಅಂಬಿಗರ ಮನಿಗೆ ಹೋಗಿ ಹೊಳಿ ಮೀನು ತಂದ್ಲು. ಉಪ್ಪಿಲ್ಲದ ಬೇಯಿಸಿದ್ಲು. ಬೇಯೂ ವಾಸನಿಗೆ ಗಿರಿಜವ್ವ ಮೂಗು ಮುಚ್ಚಿಕೊಂಡ್ಲು, ಆದ್ರೂ ಎದ್ದು ಹೋಗಲಿಲ್ಲ. ಮುಳ್ಳು ಬಿಡಸೂದು ಗೊತ್ತಿಲ್ಲದಾಕಿ, ತಾರವ್ವ ತೋರಿಸಿದಂಗ ಬಿಡಿಸಿ ಬಿಡಿಸಿ ತಟ್ಯಾಗ ಇಟ್ಲು. ಹುಟ್ಟಿದಾಗಿಂದ ಮೀನ ಮುಟ್ಟದ ಕೈ. ಕಾಶಿಗೆ ತಾನ ತಿನಸಬೇಕು, ತನ್ನ ಕೈಲೆ ಕೆಡಿಸಿದ್ದು ತನ್ನ ಕೈಲೆ ಸರಿ ಮಾಡಬೇಕು ಅನ್ನೂದೊಂದ ಆಕಿ ಮನಸಿನಾಗ.

ವಾಸನಿಗೆ ಕಾಶಿ ತಲಿ ಎತ್ತಿತು. ಕಣ್ಣಿಲ್ಲದ ಬೆಕ್ಕು ಮೂಗು ಮುಂದ ಮಾಡಿ, ತೂರಾಡಕೋತ ತಟ್ಟಿ ಹತ್ತರ ಬಂತು. ಬಾಯಿಂದ ಜೊಲ್ಲು ಸುರೀತಿತ್ತು. ಗಿರಿಜವ್ವ ಒಂದು ತುಣುಕು ತಗದು ಬಾಯಿ ಮುಂದ ಹಿಡದು, "ತಿನ್ನು ನನ್ನವ್ವಾ, ತಿನ್ನು ಕಾಶೀ" ಅಂದ್ಲು.

ಆ ದನಿ ಕೇಳಿದ್ದ ತಡ, ಕಾಶಿ ಹಿಂದಕ್ಕ ಸರೀತು. ಕಿವಿ ತಲಿಗೆ ಅಂಟಸ್ತು. ಮೂಗು ಕಾಲೊಳಗ ಮುಚಗೊಂಡು, ಮೈ ಮುದಡಿ ನೆಲಕ್ಕ ಒರಗಿತು. ಏಟು ಬೀಳತೈತಂತ ಕಾಯಾಕತ್ತಿತ್ತು.

"ಇಲ್ಲ, ನಾ ಹೊಡ್ಯೂದಿಲ್ಲ. ತಿನ್ನು" ಅಂದ್ಲು. ಎತಗೊಂಡು ಮುದ್ದು ಮಾಡಿದ್ಲು, ಬಾಯಿ ಬಿಡಿಸಿ ತುಣುಕು ಇಟ್ಲು. ಕಾಶಿ ಅದನ್ನ ಹೊರಗ ಉಗಳಿ ಆಕಿ ಕೈ ನೆಕ್ತು, ತಾನು ತಪ್ಪು ಮಾಡೂದಿಲ್ಲ ಅನ್ನೂವಂಗ. ಉಳ್ಳಾಗಡ್ಡಿ ತಿನ್ನು ಅಂದ್ರ ತಿಂದದ್ದು ಮೀನ ತಿನ್ನು ಅಂದ್ರ ತಿನ್ನಲಿಲ್ಲ. ಎರಡು ವರ್ಷ ಕಲಿತ ಪಾಠ ಒಂದು ಮಾತಿನಾಗ ಹೆಂಗ ಮರತೀತು.

ತಾರವ್ವ ಭಾಳ ಹೊತ್ತು ನೋಡಿದ್ಲು. ಕಡೀಕ ಅಂದ್ಲು, "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನೀವು ಜರಾ ಹೊರಗ ಹೋಗ್ರಿ."

ಗಿರಿಜವ್ವ ಹೊರಗ ಹೋದ್ಲು. ಜಾಲಿ ಬೇಲಿ ತನಕ ಹೋಗಿ ನಿಂತ್ಲು. ಒಳಗಿಂದ ಮೊದಲ ಏನೂ ಕೇಳಲಿಲ್ಲ. ಆಮ್ಯಾಲ ತಟ್ಟಿ ನೆಲಕ್ಕ ತಿಕ್ಕೂ ಸಪ್ಪಳಾತು. ಗಬಗಬ ತಿನ್ನೂ ಸಪ್ಪಳಾತು. ತಿನಕೋತ ಕಾಶಿ ಗುರುಗುಡತಿತ್ತು, ಸಣ್ಣ ಮರಿ ಇದ್ದಾಗ ಗುರುಗುಡತಿತ್ತಲ್ಲ, ಹಂಗ. ಗಿರಿಜವ್ವ ಬೇಲಿ ಗೂಟ ಹಿಡಕೊಂಡು ನಿಂತು ಅತ್ಲು. ಈ ಸಲ ಸೆರಗು ಬಾಯಿಗೆ ಒತಗೊಂಡದ್ದು ಸಂತೋಷಕ್ಕೂ ಅಲ್ಲ, ನಾಚಿಕಿಗೂ ಅಲ್ಲ. ತನ್ನ ದನಿ ಒಳಗ ಕೇಳಿದ್ರ ತಿನ್ನೂದು ಬಿಟ್ಟೀತು ಅಂತ.

ಬೆಕ್ಕನ್ನ ಅಲ್ಲೇ ಬಿಟ್ಟು ಬಂದ್ಲು. ಕೆಂಚವ್ವ ಮೈ ತೊಳಕೊಳ್ಳಾಕ ನೀರು ಕಾಸಿ ಇಟ್ಟಿದ್ಲು. ಮುಂದ ನಾಕು ದಿನಕ್ಕೊಮ್ಮೆ ಗಿರಿಜವ್ವ ಹೊಳಿ ಕಡೆ ಹೋಗಾಕಿ. ಹೋದ್ರ ಕಾಶಿ ಗುರತು ಹಿಡದು ಓಡಿ ಬರೂದು, ಕಾಲಿಗೆ ಮೈ ತಿಕ್ಕೂದು, ತೊಡಿ ಮ್ಯಾಲ ಕುಂದ್ರೂದು. ಪ್ರೀತಿ ಏನೂ ಕಮ್ಮಿ ಆಗಿರಲಿಲ್ಲ. ಆದ್ರ ಆಕಿ ಬಂದು ಹೋದ ದಿನ, ಮರದಿನ, ಕಾಶಿ ಮೀನು ಮುಟ್ಟತಿರಲಿಲ್ಲ. ಮೂಸಿ ಹಿಂದ ಸರೀತಿತ್ತು. ತಾರವ್ವ ಇದನ್ನ ಒಂದೆರಡು ಸಲ ನುಂಗಿಕೊಂಡ್ಲು. ಆಮ್ಯಾಲ ನೆಲಾ ನೋಡಕೋತ ಹೇಳಿದ್ಲು. "ಅದು ಬದಕಬೇಕಂದ್ರ ನೀವು ಬರಬಾರದ್ರಿ ಅಕ್ಕಾರ."

ಗಿರಿಜವ್ವ ಹೋಗೂದು ಬಿಟ್ಲು. ಕಬ್ಬಿಗೆ ಬುತ್ತಿ ಒಯ್ಯೋವಾಗ ಹೊಳಿ ದಾರಿ ಬಿಟ್ಟು ಸುತ್ತು ಹಾಕಿ ಹೋಗಾಕಿ. ಭರಮು ಸಂತಿಗೆ ಬಂದಾಗ ಅಂವನ್ನ ನಿಂದ್ರಿಸಿ, "ತಿಂತೈತಾ?" ಅಂತ ಕೇಳಾಕಿ. ಅಂವ "ಹ್ಞೂಂ ರಿ, ಮೈಗೂಡೇತಿ" ಅಂದ್ರ ಅಷ್ಟಕ್ಕ ತಿರಗಿ ಬರಾಕಿ. ಮನ್ಯಾಗ ಮತ್ತ ಮಾತು ನಿಂತವು. ಒಂದಿನ ಸಣ್ಣ ಮಗ, "ಯವ್ವಾ, ನಾ ಯಾವ ಅಂಗಿ ಹಾಕ್ಕೊಳ್ಳಲಿ?" ಅಂತ ತಾನ ಬಂದು ಕೇಳಿದ. "ನಿನಗ ಯಾವದು ಬೇಕೋ ಅದು ಹಾಕ್ಕೊ ನನ್ನಪ್ಪಾ" ಅಂದ್ಲು. ಯಾರಿಗೂ ಏನೂ ಹೇಳೂದು ಆಕಿಗೆ ಬ್ಯಾಡಾಗಿತ್ತು.

ಕಾಶಿ ಮುಂದಿನ ಚಳಿಗಾಲದ ತನಕ ಬದುಕಿತು. ಎದಿ ಮೊದಲ ಸೋತಿತ್ತು, ಅಷ್ಟು ದಿನ ಇದ್ದದ್ದ ದೊಡ್ಡದು. ಒಂದು ಮುಂಜಾನೆ ಹಿತ್ತಲ ಬಾಗಲಿಗೆ ತಾರವ್ವ ಬಂದು ನಿಂತ್ಲು. ಬುಟ್ಟಿ ಇರಲಿಲ್ಲ, ಕೈ ಖಾಲಿ ಇದ್ವು. ಗಿರಿಜವ್ವ ಸಗಣಿ ಕೈ ಹಂಗ ಹಿಡಕೊಂಡು ಎದ್ದು ನಿಂತ್ಲು.

"ನಿನ್ನೆ ಸಂಜಿಗೆ ಹೋತ್ರಿ" ಅಂದ್ಲು ತಾರವ್ವ. "ತೇಕಾಕ ಹತ್ತಿದಾಗನ ಗೊತ್ತಾತು. ನಿಮ್ಮನ್ನ ಕರೀಬೇಕಂತ ನಮ್ಮ ಅಂಗಳ ದಾಟಿ ಬಂದಿದ್ದೆರಿ ಅಕ್ಕಾರ. ಮುಂದ ಮೀನ ಇಟ್ಟಿದ್ದೆ, ಬಾಯಿ ಹಚ್ಚಿತ್ತು. ನೀವು ಬಂದ್ರ ಬಾಯಾಗಿಂದೂ ಬಿಟ್ಟೀತಂತ ತಿರಗಿ ಹೋದ್ನಿ."

"ಚಲೋ ಮಾಡಿದಿ" ಅಂದ್ಲು ಗಿರಿಜವ್ವ. ಕೈ ಸಗಣಿ ತೊಳಕೋತ ಕೇಳಿದ್ಲು, "ತಿಂತೇನ?"

"ತಿಂತ್ರಿ. ತಟ್ಟಿ ನೆಕ್ಕಿ ಮಲಗಿತು."